ಇಲಿಯ ಕಾರ್ಟೆಕ್ಸ್‌ಗೆ ಶಾಕ್ ಕೊಟ್ಟಾಗ ಬರುವ ಅಲೆ: ಮೆದುಳಿನದ್ದಾ, ವೈರಿನದ್ದಾ?

ಪ್ರಶ್ನೆ:
ನಮಸ್ಕಾರ. ನಾನು ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ಅರಿವಳಿಕೆ ಕೊಟ್ಟ ಇಲಿಯ ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮೇಲೆ 0.1 ಮಿಲಿಸೆಕೆಂಡಿನ ಕರೆಂಟ್ ಪಲ್ಸ್ ಕೊಟ್ಟು, 2 ಮಿ.ಮೀ. ದೂರದಲ್ಲಿ ಬೆಳ್ಳಿ ಎಲೆಕ್ಟ್ರೋಡ್‌ನಿಂದ ರೆಕಾರ್ಡ್ ಮಾಡುತ್ತಿದ್ದೇನೆ. ಮೊದಲು ಚೂಪಾದ ದೊಡ್ಡ ಗೆರೆ, ಅದರ ಹಿಂದೆ 30 ಮಿಲಿಸೆಕೆಂಡಿನ ಬಾಲ. ಕರೆಂಟ್ ಜಾಸ್ತಿ ಮಾಡಿದಷ್ಟೂ ಬಾಲ ಬೆಳೆಯುತ್ತಲೇ ಹೋಗುತ್ತದೆ. ಇದು ಕಾರ್ಟೆಕ್ಸ್‌ನ ಪ್ರತಿಕ್ರಿಯೆ ಅಂತ ಬರೆದುಕೊಳ್ಳಬಹುದಾ ಸರ್?

ಉತ್ತರ:
ಈಗಲೇ ಬೇಡಮ್ಮ. ಸ್ಟಿಮ್ಯುಲೇಟರಿನ (ಶಾಕ್ ಕೊಡುವ ಯಂತ್ರದ) ಎರಡು ವೈರುಗಳನ್ನು ಅದಲುಬದಲು ಮಾಡಿ ನೋಡಿ. ಬಾಲ ಬರೀ ಆರ್ಟಿಫ್ಯಾಕ್ಟ್ (ಮೆದುಳಿನದ್ದಲ್ಲದೆ, ಶಾಕ್‌ನ ಕರೆಂಟೇ ರೆಕಾರ್ಡಿಗೆ ನುಸುಳಿದ್ದು) ಆಗಿದ್ದರೆ ತಲೆಕೆಳಗಾಗುತ್ತದೆ. ಮೆದುಳಿನ ಅಲೆ ಎತ್ತರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಆದರೆ ತಿರುಗಿ ನಿಲ್ಲುವುದಿಲ್ಲ.

ನಿಮ್ಮ ಬಾಲ ಎಲ್ಲೂ ನಿಲ್ಲದೆ ಬೆಳೆಯುತ್ತಿದೆ ಅಂದಿರಿ, ಅಲ್ವಾ? ನನಗೆ ಅನುಮಾನ ಬಂದಿದ್ದೇ ಅಲ್ಲಿ. ನಿಜವಾದ ಅಲೆ ಒಂದು ಮಟ್ಟಕ್ಕೆ ಬಂದಮೇಲೆ ಬೆಳೆಯುವುದನ್ನು ಬಿಡುತ್ತದೆ. 1936ರಲ್ಲಿ ಕೇಂಬ್ರಿಡ್ಜ್‌ನ ನರವಿಜ್ಞಾನಿ ಏಡ್ರಿಯನ್ ಈ ಅಲೆಯನ್ನು ತುಂಬಾ ತಾಳ್ಮೆಯಿಂದ ನೋಡಿದ್ದರು. ಸಣ್ಣ ಶಾಕ್‌ಗೆ ಕಾರ್ಟೆಕ್ಸ್ ಮೇಲ್ಮೈಯಲ್ಲಿ ನೆಗೆಟಿವ್ ಅಲೆ ಏಳುತ್ತದೆ. 10ರಿಂದ 20 ಮಿಲಿಸೆಕೆಂಡ್ ಇರುತ್ತದೆ, ಕೆಲವು ಮಿ.ಮೀ. ದೂರ ಹೋಗುವಷ್ಟರಲ್ಲಿ ಕುಗ್ಗಿಹೋಗುತ್ತದೆ. ಶಾಕ್ ಜೋರಾದರೆ ಒಳಪದರಗಳೂ ಸೇರಿಕೊಂಡು ಪಾಸಿಟಿವ್ ಅಲೆಯೂ ಬರುತ್ತದೆ.

ಎಲೆಕ್ಟ್ರೋಡುಗಳ ನಡುವೆ ಮೆದುಳುದ್ರವ ನಿಂತಿದೆಯಾ ನೋಡಿ. ಕರೆಂಟ್ ಅದರೊಳಗೇ ಹರಿದುಬಿಡುತ್ತದೆ. ಹತ್ತಿಯ ತುದಿಯಿಂದ ಮೆಲ್ಲಗೆ ಹೀರಿ ತೆಗೆಯಿರಿ. ಹಾಗಂತ ಮೇಲ್ಮೈ ಒಣಗಬಾರದು, ಬೆಚ್ಚಗಿನ ಮಿನರಲ್ ಆಯಿಲ್ ಹಾಕಿ. ಸ್ಟಿಮ್ಯುಲೇಟರಿಗೆ ಐಸೋಲೇಟರ್ (ಅದರ ಕರೆಂಟನ್ನು ನೆಲದ ಸಂಪರ್ಕದಿಂದ ಬೇರ್ಪಡಿಸುವ ಸಾಧನ) ಇರಲೇಬೇಕು. ಆಂಪ್ಲಿಫೈಯರ್ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಇಳಿಸಿ. ಚೂಪು ಗೆರೆಗೆ ಆಂಪ್ಲಿಫೈಯರ್ ತುಂಬಿಹೋದರೆ, ಅದು ಸುಧಾರಿಸಿಕೊಳ್ಳುವಾಗಲೂ ಇಂಥದ್ದೇ ಬಾಲ ಬರುತ್ತದೆ.

ಪ್ರಶ್ನೆ ಕೇಳಿದವರು:
ವೈರ್ ಬದಲಿಸಿದೆ ಸರ್, ಬಾಲ ಪೂರ್ತಿ ತಿರುಗಿತು! ದ್ರವ ತೆಗೆದು ಗೇನ್ ಇಳಿಸಿದ ಮೇಲೆ ಪುಟ್ಟ ನೆಗೆಟಿವ್ ಅಲೆ ಕಂಡಿತು. ಅದು ತಿರುಗಲಿಲ್ಲ. ತುಂಬಾ ಖುಷಿಯಾಯಿತು. ಆದರೆ ಜೋರು ಪಲ್ಸ್‌ಗಳನ್ನು ಸಾಲಾಗಿ ಕೊಟ್ಟಮೇಲೆ ಅಲೆ ಮಾಯವಾಗಿದೆ. ಕರೆಂಟ್ ಇನ್ನೂ ಏರಿಸಲಾ?

ಉತ್ತರ:
ಏರಿಸಬೇಡಿ, ದಯವಿಟ್ಟು. ಶಾಕ್ ಇಲ್ಲದಾಗಿನ ಮಾಮೂಲಿ ಚಟುವಟಿಕೆ ಹೇಗಿದೆ? ಅದೂ ಚಪ್ಪಟೆಯಾಗಿದ್ದರೆ ಸ್ಪ್ರೆಡಿಂಗ್ ಡಿಪ್ರೆಶನ್ (ಕಾರ್ಟೆಕ್ಸ್‌ನ ಚಟುವಟಿಕೆ ಸ್ವಲ್ಪ ಹೊತ್ತು ಅಡಗುತ್ತಾ ಹರಡುವುದು) ಇರಬೇಕು. 1944ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಲಿಯಾವ್ ಮೊಲದ ಕಾರ್ಟೆಕ್ಸ್‌ನಲ್ಲಿ ಇದನ್ನು ವಿವರಿಸಿದರು. ಶಾಕ್ ಬಿದ್ದ ಜಾಗದಿಂದ ಹೊರಟು, ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ಮೌನ ಹರಡುತ್ತಾ ಹೋಗುತ್ತದೆ. ಆಮೇಲೆ ತಾನಾಗೇ ಸರಿಹೋಗುತ್ತದೆ. ಈಗ ಇನ್ನಷ್ಟು ಶಾಕ್ ಕೊಟ್ಟರೆ ಆ ಜಾಗಕ್ಕೆ ಪೆಟ್ಟಾಗುತ್ತದೆ, ಒಂದು ಜೀವ ಸುಮ್ನೆ ಹಾಳಾಗುತ್ತದೆ.

ಸ್ಟಿಮ್ಯುಲೇಟರ್ ಆಫ್ ಮಾಡಿ ಅರ್ಧ ಗಂಟೆ ಕಾಯಿರಿ. ಇಲಿಯ ಮೈ ಬಿಸಿ, ಅರಿವಳಿಕೆಯ ಮಟ್ಟ ಎರಡನ್ನೂ ನೋಡಿಕೊಳ್ಳಿ. ಆಮೇಲೆ ಕಡಿಮೆ ಕರೆಂಟಿನಿಂದ ಶುರು ಮಾಡಿ, 10 ಸೆಕೆಂಡಿಗೆ ಒಂದೇ ಪಲ್ಸ್.

ಪ್ರಶ್ನೆ ಕೇಳಿದವರು:
ನಿಜ ಸರ್, ಮಾಮೂಲಿ ಚಟುವಟಿಕೆಯೂ ಚಪ್ಪಟೆಯಾಗಿತ್ತು. 20 ನಿಮಿಷಕ್ಕೆ ಅದು ಮರಳಿತು. ಅರ್ಧ ಗಂಟೆ ಬಿಟ್ಟು ಪಲ್ಸ್ ಕೊಟ್ಟಾಗ ಅಲೆಯೂ ಬಂತು. ವೈರಿನ ಎರಡೂ ದಿಕ್ಕಿನ ರೆಕಾರ್ಡ್ ಉಳಿಸಿಕೊಂಡಿದ್ದೇನೆ.