ಧೂಮಕೇತುವಿನ ಕೋಮಾ, ಗ್ರೀಕರ ಕೂದಲು: ಏನು ಸಂಬಂಧ?

ನೆರೂಲ್ ವಾಸಿ:
ವರ್ಳಿಯ ತಾರಾಲಯಕ್ಕೆ ಮಗಳನ್ನು ಕರ್ಕೊಂಡು ಹೋಗಿದ್ದೆ. ಧೂಮಕೇತುವಿನ ತಲೆ ಸುತ್ತ ಇರುವ ಮಬ್ಬು ಬೆಳಕಿಗೆ ಕೋಮಾ ಅಂತಾರೆ ಎಂದದ್ದೇ ತಡ, "ಅಪ್ಪಾ, ಅದಕ್ಕೆ ಪ್ರಜ್ಞೆ ಇಲ್ವಾ?" ಅಂದಳು. ಎರಡೂ ಒಂದೇ ಪದಾನಾ? ದಾದರಿನಲ್ಲಿ ಕೂದಲ ಡಾಕ್ಟರ ಬೋರ್ಡಲ್ಲಿ ಟ್ರೈಕಾಲಜಿಸ್ಟ್ ಅಂತ ಇರುತ್ತಲ್ಲ, ಅದೂ ಗ್ರೀಕೇ?

ಡೊಂಬಿವಲಿ ಮೇಷ್ಟ್ರು:
ಒಂದೇ ಅಲ್ಲ ಸರ್. ನಮ್ಮ ಒ, ಓ ಥರ ಗ್ರೀಕಿನಲ್ಲೂ ಎರಡು ಅಕ್ಷರ ಇವೆ. ಹ್ರಸ್ವದ 'ಕೊಮೇ' ಅಂದರೆ ತಲೆಗೂದಲು, ದೀರ್ಘದ 'ಕೋಮ' ಅಂದರೆ ಗಾಢ ನಿದ್ದೆ. ಇಂಗ್ಲಿಷಿಗೆ ಬಂದಾಗ ಎರಡೂ ಒಂದೇ ಆಗಿಬಿಟ್ಟವು. ಧೂಮಕೇತುವಿಗೆ ಅವರು 'ಕೊಮೇತೇಸ್' ಅಂದರು, ಉದ್ದ ಕೂದಲಿನವನು ಅಂತ. ಬಿಡಿ ಕೂದಲು 'ಥ್ರಿಕ್ಸ್', ಅದರ ಷಷ್ಠಿ ರೂಪ 'ತ್ರಿಖೊಸ್', ದಾದರಿನ ಬೋರ್ಡ್ ಅಲ್ಲಿಂದ ಬಂದದ್ದು.

ಮರದ ಎಲೆಗೊಂಚಲಿಗೂ ಕೊಮೇ ಅಂತಾರೆ. ಗ್ರೀಕ್ ಮಹಾಕಾವ್ಯ ಒಡಿಸ್ಸಿಯಲ್ಲಿ ನಾಯಕ ಒಡಿಸ್ಸ್ಯೂಸ್ ಬೇರುಬಿಟ್ಟ ಆಲಿವ್ ಮರವನ್ನೇ ಮಂಚದ ಕಾಲು ಮಾಡಿಕೊಳ್ಳುತ್ತಾನೆ, ಮೊದಲು ಅದರ ಕೊಮೇ ಕತ್ತರಿಸಿ ಹಾಕುತ್ತಾನೆ. ನಾವು ತೆಂಗಿನಕಾಯಿಗೆ ಜುಟ್ಟು ಅನ್ನಲ್ವಾ, ಹಾಗೇ.

ಪುಣೆಯ ಪುಸ್ತಕದ ಹುಳ:
ನನಗೆ ಇದರಲ್ಲಿ ಜಾಸ್ತಿ ಇಷ್ಟ ಆಗೋದು ಕ್ರಿಯಾಪದ. 'ಕೊಮಾನ್' ಅಂದರೆ ಉದ್ದ ಕೂದಲು ಬಿಡೋದು, ಹಾಗೇ ಜಂಬ ಪಡೋದು, ಮೆರೆಯೋದು. ಅಥೆನ್ಸಿನ ಕೈಲೋನ್ ಅಧಿಕಾರ ಕಿತ್ತುಕೊಳ್ಳಲು ಹೊರಟದ್ದನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದೇ ಪದದಲ್ಲಿ ಹೇಳುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದವರನ್ನು ನಾವೂ ನೋಡಿದ್ದೇವೆ ಬಿಡಿ! ಆದರೆ ಕ್ರಿ.ಪೂ. 480ರಲ್ಲಿ ಥರ್ಮೋಪಿಲೆ ಯುದ್ಧಕ್ಕೆ ಮುನ್ನ ಗ್ರೀಸಿನ ಸ್ಪಾರ್ಟಾದವರು ಕೂದಲು ಬಾಚಿಕೊಳ್ಳುತ್ತಿದ್ದುದು ಶೋಕಿಗಲ್ಲ. ಪರ್ಷಿಯಾದ ಗೂಢಚಾರ ಬಂದು ಹೇಳಿದಾಗ ದೊರೆ ಕ್ಸೆರ್ಕ್ಸಿಸ್‌ಗೆ ನಗು ಬಂತು. ಪ್ರಾಣದ ಹಂಗು ತೊರೆದು ಕಾದಲು ಹೊರಟಾಗ ಅವರ ಪದ್ಧತಿಯೇ ಅದು ಅಂತ, ದೇಶಬಿಟ್ಟು ಬಂದಿದ್ದ ಸ್ಪಾರ್ಟಾದ ಮಾಜಿ ದೊರೆ ಡೆಮರಾಟಸ್ ವಿವರಿಸಬೇಕಾಯಿತು.

ಇನ್ನು ಗ್ರೀಕ್ ಕವಿ ಥಿಯೋಕ್ರಿಟಸ್‌ನ ಕವಿತೆಯಲ್ಲಿ ಒಬ್ಬ ಪ್ರೇಮಿ, ನಾನು ಹುಚ್ಚನಾಗೋಕೆ ಒಂದು ಕೂದಲಷ್ಟೇ ಬಾಕಿ ಅನ್ನುತ್ತಾನೆ. ನಮ್ಮ ಪೇಪರಿನವರ 'ಕೂದಲೆಳೆ ಅಂತರ' ನೆನಪಾಯಿತು.

ವಾಂಗಣಿ ಟೆಲಿಸ್ಕೋಪ್:
ಮಗಳಿಗೆ ಬೆರೆನೀಸ್ ಕಥೆ ಹೇಳಿ. ಗಂಡ ಮೂರನೇ ಟಾಲೆಮಿ ಯುದ್ಧದಿಂದ ಕ್ಷೇಮವಾಗಿ ಬರಲಿ ಅಂತ ಈಜಿಪ್ಟಿನ ರಾಣಿ ಕೂದಲು ಹರಕೆ ಹೊತ್ತಳು. ಗುಡಿಯಿಂದ ಅದು ಕಾಣೆಯಾಯಿತು. ಆಸ್ಥಾನದ ಖಗೋಳಜ್ಞ ಕೋನೋನ್, ಅಗೋ ಆಕಾಶದಲ್ಲಿದೆ ಅಂದುಬಿಟ್ಟ! ಕೋಮಾ ಬೆರೆನೀಸಸ್, ಅಂದರೆ ಬೆರೆನೀಸ್ ಕೂದಲು ಅನ್ನೋ ಆ ನಕ್ಷತ್ರಪುಂಜವನ್ನು ಏಪ್ರಿಲ್, ಮೇ ರಾತ್ರಿ ಉತ್ತರಾ ಮತ್ತು ಸ್ವಾತಿ ನಕ್ಷತ್ರಗಳ ನಡುವೆ ಹುಡುಕಿ. ನೆರೂಲ್ ಬೆಳಕಲ್ಲಿ ಏನೂ ಕಾಣಲ್ಲ, ವಾಂಗಣಿ ಕಡೆ ಬನ್ನಿ, ಬೈನಾಕ್ಯುಲರ್ ಸಾಕು.