ದೊಡ್ಡವರಾದ ಮೇಲೆ ದತ್ತು ತೆಗೆದುಕೊಳ್ಳಬಹುದಾ? ವಕೀಲರಿಗೆ ಪ್ರಶ್ನೆ

ಚನ್ನಗಿರಿಯ ಅಮ್ಮ: ನಮಸ್ಕಾರ ಸರ್. ಸೊಸೆ ಕೈಲಿ ಬರೆಸುತ್ತಿದ್ದೇನೆ. ನನಗೆ 68, ಮಕ್ಕಳಿಲ್ಲ. 2001ರಲ್ಲಿ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದವರು ತಮ್ಮ ಒಂಬತ್ತು ವರ್ಷದ ಹುಡುಗನನ್ನು ನಮ್ಮಲ್ಲಿ ಬಿಟ್ಟು ಹೋದರು. ನಾವೇ ಸಾಕಿದೆವು, ಓದಿಸಿದೆವು, ಮದುವೆ ಮಾಡಿದೆವು. ಯಜಮಾನರು 2014ರಲ್ಲಿ ತೀರಿಕೊಂಡರು. ಅವರ ತೋಟ ಈಗ ನನ್ನ ಹೆಸರಲ್ಲಿದೆ. ಹುಡುಗನನ್ನು ಕಾನೂನು ಪ್ರಕಾರ ಮಗ ಅಂತ ಮಾಡಿಕೊಳ್ಳಬೇಕು. ಮೈದುನನ ಮಕ್ಕಳು "ಕೂಲಿಯವನ ಮಗ" ಅಂತಾರೆ.

ವಕೀಲರು: ಅಮ್ಮ, ಇದು ಒಂದು ಸಾಲಲ್ಲಿ ಮುಗಿಯುವುದಲ್ಲ. 1956ರ ಹಿಂದೂ ದತ್ತಕ ಕಾಯ್ದೆಯ 10ನೇ ಕಲಂ ಪ್ರಕಾರ 15 ತುಂಬಿದವರನ್ನು, ಮದುವೆಯಾದವರನ್ನು ದತ್ತು ತೆಗೆದುಕೊಳ್ಳುವ ಹಾಗಿಲ್ಲ. ನಿಮ್ಮ ಜನರಲ್ಲಿ ಅಂಥ ರೂಢಿ ಇದ್ದರೆ ಮಾತ್ರ ಆಗುತ್ತದೆ. ರೂಢಿ ಅಂದರೆ ಊರ ಹಿರಿಯರು ಹೇಳಿದ್ದಲ್ಲ. ತಲೆತಲಾಂತರದಿಂದ ನಡೆದು ಬಂದಿದೆ ಅಂತ ಕೋರ್ಟಿನಲ್ಲಿ ತೋರಿಸಬೇಕು. ಇವತ್ತು ಹೊಸದಾಗಿ ದತ್ತು ಪತ್ರ ಬರೆಸಿದರೆ ಮೈದುನನ ಮಕ್ಕಳು ದಾವೆ ಹಾಕಬಹುದು, ಗೆಲ್ಲಲೂಬಹುದು.

ನನ್ನ ತಲೆ ಕೊರೆಯುತ್ತಿರುವುದು ಬೇರೆ. ಅವತ್ತು ಹುಡುಗನಿಗೆ ಒಂಬತ್ತು. ಹೆತ್ತವರು ಬಿಟ್ಟು ಹೋದರಾ, ಕೈಯಾರೆ ಕೊಟ್ಟರಾ? ಅಪ್ಪ ಅಮ್ಮ ಇಬ್ಬರೂ ಒಪ್ಪಿ ಕೊಟ್ಟು, ನಿಮ್ಮ ಯಜಮಾನರು ನಿಮ್ಮ ಒಪ್ಪಿಗೆಯ ಮೇಲೆ ಮಗ ಅಂತ ತೆಗೆದುಕೊಂಡಿದ್ದರೆ, ದತ್ತು ಅವತ್ತೇ ಆಗಿಹೋಗಿದೆ. ಹೋಮ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಯಜಮಾನರೇ ಯಾಕೆ ಅಂದರೆ, ಗಂಡ ಇರುವ ಹೆಂಗಸು ತಾನೇ ದತ್ತು ತೆಗೆದುಕೊಳ್ಳುವ ಹಕ್ಕು 2010ರ ತಿದ್ದುಪಡಿಯಲ್ಲಿ ಬಂತು. ಆದರೆ ಸಾಕಿದ್ದು ಬೇರೆ, ದತ್ತು ಬೇರೆ. ಶಾಲೆಯ ಟಿಸಿಯಲ್ಲಿ ತಂದೆ ಹೆಸರು ಯಾರದಿದೆ? ಹೆತ್ತವರು ಬದುಕಿದ್ದಾರಾ? ಕಣ್ಣಾರೆ ನೋಡಿದವರು ಯಾರಾದರೂ ಇದ್ದಾರಾ? ನಡೆಯದ್ದನ್ನು ಮಾತ್ರ ಕಟ್ಟಬೇಡಿ. ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಏನೇ ಇರಲಿ, ಮೊದಲು ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಮಾಡಿಸಿದರೆ ಒಳ್ಳೆಯದು. ಗಂಡನಿಂದ ಬಂದ ತೋಟ ಉಯಿಲಿಲ್ಲದೆ ಗಂಡನ ವಾರಸುದಾರರಿಗೇ ಹೋಗುತ್ತದೆ. ಅಂದರೆ ಅದೇ ಮೈದುನನ ಕಡೆಗೆ.

ಜಗಳೂರು ಮೇಷ್ಟ್ರು: ಇಷ್ಟೆಲ್ಲಾ ಯಾಕೆ ಸರ್? ಬೇರೆ ಗ್ರೂಪಿನಿಂದ ಬಂದಿದೆ: "100 ರೂಪಾಯಿ ಬಾಂಡ್ ಪೇಪರ್, ನೋಟರಿ ಸಹಿ, ಆಧಾರ್‌ನಲ್ಲಿ ತಂದೆ ಹೆಸರು ಬದಲಿಸಿ. ಎಂಟೇ ದಿನದಲ್ಲಿ ದತ್ತು. ಎಲ್ಲರಿಗೂ ಕಳಿಸಿ."

ವಕೀಲರು: ಮೇಷ್ಟ್ರೇ, ದಯವಿಟ್ಟು ಅಳಿಸಿ. ಯಾರು ಸಹಿ ಹಾಕಿದರು ಅಂತ ನೋಟರಿ ನೋಡುತ್ತಾರೆ, ದತ್ತು ಸರಿಯಿದೆಯಾ ಅಂತ ನೋಡುವುದಿಲ್ಲ. ಆಧಾರ್ ಇದ್ದರೆ ವಾರಸುದಾರ ಆಗುವುದಿಲ್ಲ.

ಹೊಳಲ್ಕೆರೆ ಸದಸ್ಯ: ನನ್ನ ಹೆಂಡತಿಯ ಮೊದಲ ಮದುವೆಯ ಮಗಳಿಗೆ 19. ನಾನು ದತ್ತು ತೆಗೆದುಕೊಳ್ಳಬಹುದಾ?

ವಕೀಲರು: 15 ದಾಟಿದೆ. ಮೇಲೆ ಓದಿ.

ರಾಣೆಬೆನ್ನೂರು ಅಳಿಯ: ಹಾಗಾದರೆ ನಮ್ಮ ಮಾವನ ಮನೆಯಲ್ಲಿ ಎರಡು ಮಕ್ಕಳ ತಂದೆಯನ್ನೇ ದತ್ತು ತೆಗೆದುಕೊಂಡರಲ್ಲ! ಸುಮ್ನೆ ಹೆದರಿಸಬೇಡಿ.

ವಕೀಲರು: ಹರಿಹರದ ಸೇತುವೆ ದಾಟಿದರೆ ಹಳೆ ಮುಂಬೈ ಪ್ರಾಂತ್ಯ. ವಯಸ್ಸು, ಮದುವೆ ನೋಡದೆ ದತ್ತು ತೆಗೆದುಕೊಳ್ಳುವ ರೂಢಿಯನ್ನು ಅಲ್ಲಿ ಕೋರ್ಟುಗಳೇ ಒಪ್ಪಿವೆ. ಚನ್ನಗಿರಿ ಹಳೆ ಮೈಸೂರು. ಹೊಳೆ ಈಚೆ ಆ ರೂಢಿಯನ್ನು ನಾವೇ ಸಾಬೀತು ಮಾಡಬೇಕು. ಹೆದರಿಸಲು ನನಗೇನು ಬಂತು?

ಪಿ.ಜೆ. ಬಡಾವಣೆ ಸದಸ್ಯ: ಏನೇ ಹೇಳಿ, ಆಳಿನ ಮಗನಿಗೆ ತೋಟ ಬರೆದರೆ ಮನೆತನ ಉಳಿಯುತ್ತಾ?

ಹೊಸದುರ್ಗದ ಅಕ್ಕ: ಆ ಮನೆತನದವರು ಅಮ್ಮನಿಗೆ ಜ್ವರ ಬಂದಾಗ ಒಂದು ಲೋಟ ಗಂಜಿ ಕೊಟ್ಟಿದ್ದಾರಾ, ಕೇಳಿ.

ಪಿ.ಜೆ. ಬಡಾವಣೆ ಸದಸ್ಯ: ನಿಮ್ಮ ಹೊಲ ನೀವು ಬರೆದುಕೊಡಿ ಮತ್ತೆ.

ಹೊಸದುರ್ಗದ ಅಕ್ಕ: ನನ್ನ ಹೊಲದ ಚಿಂತೆ ನಿನಗ್ಯಾಕಪ್ಪ?

ಜಗಳೂರು ಮೇಷ್ಟ್ರು: ಉಯಿಲಿಗಿಂತ ದಾನಪತ್ರ ಗಟ್ಟಿ ಅಲ್ವಾ?

ವಕೀಲರು: ಗಟ್ಟಿಯೇ. ಬರೆದ ದಿನವೇ ತೋಟ ಕೈಬಿಡುತ್ತದೆ. ಕೊನೆವರೆಗೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಅದರಲ್ಲಿ ಬರೆಸಿದರೆ, ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ರದ್ದು ಕೇಳಬಹುದು. ಉಯಿಲನ್ನು ಬದುಕಿರುವವರೆಗೂ ಬದಲಿಸಬಹುದು. ಮತ್ತೆ, ಜಗಳ ಆಡುವವರು ಖಾಸಗಿಯಾಗಿ ಆಡಿಕೊಳ್ಳಿ.

ಹರಿಹರ ಸದಸ್ಯ: ಸರ್, ಮುಸ್ಲಿಮರಲ್ಲಿ ಹೇಗೆ?

ಹಿರಿಯೂರು ಸದಸ್ಯ: ನನ್ನ ಸಾಕುಮಗನಿಗೆ 22. ದತ್ತು ಆಗುತ್ತಾ?

ವಕೀಲರು: ಮೂರನೇ ಸಲ. ಇಲ್ಲ.

ಚನ್ನಗಿರಿಯ ಅಮ್ಮ: ಟ್ರಂಕಿನ ತಳದಲ್ಲಿ ಒಂದು ಫೋಟೋ ಸಿಕ್ಕಿತು ಸರ್. ಯಜಮಾನರ ತೊಡೆ ಮೇಲೆ ಹುಡುಗ ಕೂತಿದ್ದಾನೆ. ಹೊಸ ಅಂಗಿ, ಗುಂಡಿ ಒಂದು ಮನೆ ತಪ್ಪಿದೆ. ಅವರಪ್ಪ ಪಕ್ಕದಲ್ಲಿ ನಿಂತಿದ್ದಾರೆ, ಮುಂದೆ ಎಲೆ ಅಡಿಕೆ ತಟ್ಟೆ. ಅದು ಒಪ್ಪಿಸಿಕೊಟ್ಟ ದಿನವೋ, ಯುಗಾದಿಯೋ ನೆನಪಾಗುತ್ತಿಲ್ಲ.

ವಕೀಲರು: ನೆನಪಿಲ್ಲದಿದ್ದರೆ ಇಲ್ಲ ಅಂತಲೇ ಇರಲಿ. ಅವರಮ್ಮ ಆ ಫೋಟೋದಲ್ಲಿ ಇದ್ದಾರಾ ನೋಡಿ. ಗ್ರೂಪಿಗೆ ಹಾಕಬೇಡಿ. ಟಿಸಿ, ಪಹಣಿ ಜೊತೆ ಸೋಮವಾರ ತನ್ನಿ, ಹುಡುಗನೂ ಬರಲಿ.

ಹರಿಹರ ಸದಸ್ಯ: ಸರ್, ನಮ್ಮ ಪ್ರಶ್ನೆ?