ಪದಚರ್ಚೆ: ಡೆಪ್ತ್ ಆಫ್ ಫೀಲ್ಡ್, ಪಾಯಿಂಟ್ ಆಫ್ ವ್ಯೂ – ಇವಕ್ಕೆ ಏನನ್ನೋಣ?

ಗೆಳೆಯರೇ,

ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ಕನ್ನಡದಲ್ಲೊಂದು ಚಿಕ್ಕ ಪಾಠ ಬರೆಯುತ್ತಿದ್ದೇನೆ. ಲೆನ್ಸ್, ಫೋಕಸ್, ಶಟರ್ ಹಾಗೇ ಇರಲಿ, ಅವುಗಳ ಗೊಡವೆ ಬೇಡ. ಎರಡು ಕಡೆ ಮಾತ್ರ ಪೆನ್ನು ನಿಂತಿದೆ.

ಮೊದಲನೆಯದು ಡೆಪ್ತ್ ಆಫ್ ಫೀಲ್ಡ್. ಫೋಕಸ್ ಮಾಡಿದ ಜಾಗದ ಹಿಂದೆ ಮುಂದೆ ಎಷ್ಟು ದೂರ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ ಅನ್ನುವ ಅಳತೆ. ಫುಲ್ ಫ್ರೇಮ್ ಕ್ಯಾಮೆರಾ (35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್ ಇರುವುದು), 50 ಎಂಎಂ ಲೆನ್ಸ್, ಎಫ್ 1.8, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದಿದೆ. 2 ಮೀಟರ್ ದೂರದಿಂದ ಹೂವಾಡಗಿತ್ತಿಯ ಮುಖ ತೆಗೆದರೆ ಈ ಅಳತೆ ಸುಮಾರು 17 ಸೆಂ.ಮೀ. 1 ಮೀಟರ್‌ಗೆ ಹೋದರೆ ಬರೀ 4. ರೆಪ್ಪೆಗೂದಲು ಎಣಿಸಬಹುದು, ಕಿವಿಯ ಓಲೆ ಮಸುಕು. ಅಲ್ಲೇ ನಿಂತು ಕಿಂಡಿ ಕಿರಿದಾಗಿಸಿ ಎಫ್ 8 ಮಾಡಿದರೆ ಸುಮಾರು 18 ಸೆಂ.ಮೀ. ಸಿಗುತ್ತದೆ, ಓಲೆಯೂ ಕಾಣುತ್ತದೆ.

‘ಕ್ಷೇತ್ರದ ಆಳ’ ಅಂದರೆ ಫೋಟೋ ನೆನಪಾಗುವುದಿಲ್ಲ, ಹೊಲವೋ ಬಾವಿಯೋ ನೆನಪಾಗುತ್ತದೆ. ಇನ್ನೊಂದು ತಲೆನೋವೂ ಇದೆ. ಹಿನ್ನೆಲೆ ಮಂಜುಮಂಜಾದ ಫೋಟೋ ನೋಡಿ ಕೆಲವರು ‘ಡೆಪ್ತ್ ಸಖತ್ತಾಗಿದೆ’ ಅನ್ನುತ್ತಾರೆ. ಅಸಲಿಗೆ ಅಲ್ಲಿ ಡೆಪ್ತ್ ಕಮ್ಮಿ! ‘ಆಳ’ ಇಟ್ಟುಕೊಂಡರೆ ಈ ಗೊಂದಲವೂ ಜೊತೆಗೇ ಬರುತ್ತದೆ. ‘ಫೋಕಸ್ ಹರವು’ ಅನ್ನೋಣವೆಂದರೆ, ನದಿಯ ಹರವು ಅಂದರೆ ಅಗಲ, ಅಲ್ವಾ? ನಮಗೆ ಬೇಕಾದ್ದು ಮುಂದಿನಿಂದ ಹಿಂದಕ್ಕೆ. ‘ಫೋಕಸ್ ತೆಕ್ಕೆ’ ಹೇಗೆ? ಓಲೆ ತೆಕ್ಕೆಗೆ ಬಂತು, ಬರಲಿಲ್ಲ ಎಂದು ಸಲೀಸಾಗಿ ಹೇಳಬಹುದು.

ಇನ್ನು ಪಾಯಿಂಟ್ ಆಫ್ ವ್ಯೂ, ಅಂದರೆ ಕ್ಯಾಮೆರಾ ಎಲ್ಲಿ, ಎಷ್ಟು ಎತ್ತರದಲ್ಲಿ ನಿಂತು ನೋಡುತ್ತಿದೆ ಅನ್ನುವುದು. ‘ದೃಷ್ಟಿಕೋನ’ ಎಲ್ಲರ ಬಾಯಲ್ಲೂ ಇದೆ, ಆದರೆ ಜಾಸ್ತಿ ಬಳಕೆ ಅಭಿಪ್ರಾಯ ಅನ್ನುವ ಅರ್ಥದಲ್ಲಿ. ಮೇಲಾಗಿ ಅದರಲ್ಲಿ ‘ಕೋನ’ ಇರುವುದರಿಂದ ಲೆನ್ಸಿನ ಆ್ಯಂಗಲ್ ಆಫ್ ವ್ಯೂ (ಲೆನ್ಸಿಗೆ ಎಷ್ಟು ಅಗಲದ ನೋಟ ಸಿಗುತ್ತದೆ ಅನ್ನುವುದು) ಜೊತೆ ಕಲಸಿಹೋಗುತ್ತದೆ. ಹಂಪಿಯ ಕಲ್ಲಿನ ರಥವನ್ನೇ ನೋಡಿ. ನಿಂತಲ್ಲೇ ಝೂಮ್ ಮಾಡಿದರೆ ಕೋನ ಕಿರಿದಾಗುತ್ತದೆ ಅಷ್ಟೇ. ರಥದ ಮುಂದಿರುವ ಕಲ್ಲಾನೆಗೆ ಹೋಲಿಸಿದರೆ ರಥ ಎಷ್ಟು ದೊಡ್ಡದಾಗಿ ಕಾಣುತ್ತಿತ್ತೋ ಅಷ್ಟೇ ಇರುತ್ತದೆ. ಆ ಆನೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರೆ ಮಾತ್ರ ಆನೆಯ ಮುಂದೆ ರಥವೇ ಚಿಕ್ಕದು. ಇದು ಕಾಲಿನ ಕೆಲಸ, ಲೆನ್ಸಿನದಲ್ಲ.

‘ನಿಲುವು’ ನನಗೆ ಇಷ್ಟ. ಆದರೆ ‘ನಿಲುವು ಬದಲಿಸಿ’ ಎಂದು ಪಾಠದಲ್ಲಿ ಬರೆದರೆ ಸುಮ್ನೆ ರಾಜಕೀಯ ಮಾತಾಡಿದ ಹಾಗಾಗುತ್ತದೆ. ಹಾಗಾಗಿ ಸದ್ಯಕ್ಕೆ ‘ನೋಡುವ ನೆಲೆ’.

ಫಿಲ್ಮ್ ರೋಲ್ ಹಾಕುವ ಕಾಲದಲ್ಲಿ ಸ್ಟುಡಿಯೋ ನಡೆಸಿದವರು ಇಲ್ಲಿದ್ದರೆ, ಇವೆರಡಕ್ಕೂ ನಿಮ್ಮಲ್ಲಿ ಏನನ್ನುತ್ತಿದ್ದಿರಿ? ‘ತೆಕ್ಕೆ’ಗೆ ನಿಮ್ಮೂರಲ್ಲಿ ಬೇರೆ ಅರ್ಥವಿದ್ದರೆ ಅದನ್ನೂ ತಿಳಿಸಿ.